“ಏನಾದರೂ ಮಾಡು” ಎನ್ನಬೇಡಿ

ಬೀಗರು ಬರುವ ದಿನ, ಮಗ ರಜೆಗೆ ಬಂದ ದಿನ, ಮನೆಯಾಕೆ “ಏನು ವಿಶೇಷ ಮಾಡಲಿ?” ಎಂದು ಕೇಳುವುದುಂಟು. ಬಹುಪಾಲು ಗಂಡಸರ ಉತ್ತರ ಒಂದೇ: “ಏನಾದರೂ ಮಾಡು.” ಈ ಮಾತು ಔದಾರ್ಯದಂತೆ ಕೇಳಿಸುತ್ತದೆ. ಆದರೆ ಯೋಚಿಸುವ ಹೊರೆ, ಅಡಿಗೆಯ ಹೊರೆ ಎರಡೂ ಆಕೆಯ ತಲೆಗೇ ಬೀಳುತ್ತವೆ. ಕೈಗುಣವುಳ್ಳವರಿಗೆ ಇದು ಇನ್ನೂ ಅನ್ಯಾಯ. ಬಲ್ಲವರಿಂದ ಅವರ ಕೈಗೆ ತಕ್ಕುದನ್ನು ಕೇಳಿ ಮಾಡಿಸಿಕೊಳ್ಳುವುದೂ ಒಂದು ಗೌರವವೇ.

ಹಾಗಾದರೆ ಏನನ್ನು ಕೇಳಬೇಕು? ಮೊದಲು ನಮ್ಮ ಹೊಲವನ್ನು ನೋಡಬೇಕೆಂದು ನನ್ನ ಅಭಿಪ್ರಾಯ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ನಾಲೆ ನೀರಿನ ಭತ್ತ, ಕಬ್ಬು, ನಾಗಮಂಗಲ, ಕೆ.ಆರ್. ಪೇಟೆಯ ಬೆದ್ದಲಿನಲ್ಲಿ ರಾಗಿ, ಅದರ ಅಕ್ಕಡಿ ಸಾಲಿನಲ್ಲಿ ಅವರೆ, ತೋಟವಿದ್ದಲ್ಲೆಲ್ಲ ತೆಂಗು. ಈ ಐದನ್ನೂ ಒಂದೇ ಎಲೆಗೆ ತರುವ ಊಟ ನಮ್ಮಲ್ಲಿದೆ: ಹಿತಕಿದ ಅವರೆಬೇಳೆ ಸಾರು, ಮುದ್ದೆ, ಒತ್ತುಶಾವಿಗೆ, ಬೆಲ್ಲದ ಕಾಯಿಹಾಲು.

ಇದಕ್ಕೆ ಕಾಲ ಡಿಸೆಂಬರ್, ಜನವರಿ. ನಾಡ ಅವರೆ ಹಗಲು ಕಿರಿದಾದಾಗ ಹೂ ಬಿಡುವ ಬೆಳೆ. ಇಬ್ಬನಿ ಕಾಲದಲ್ಲಿ ಕಾಯಿಯ ಸೊಗಡು ಕೈಗೆ ಅಂಟುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಈ ಹಂಗಿಲ್ಲ. ಬೇರೆ ಕಾಲದಲ್ಲೂ ಕಾಯಿ ಕೊಡುತ್ತವೆ, ಬೆಳೆಗಾರನಿಗೆ ಅದು ಲಾಭವೇ. ವಿಶೇಷದ ಊಟಕ್ಕೆ ಮಾತ್ರ ಸೊಗಡಿನ ಅವರೆಯೇ ಬೇಕು. ಬೀಗರಿಗೆ ಮುದ್ದೆ ಬಡಿಸಲು ನಾಚುವವರು ಒಂದನ್ನು ನೆನೆಯಲಿ: ಡಾ. ಲಕ್ಷ್ಮಣಯ್ಯನವರು ಇಂಡಾಫ್ ರಾಗಿ ತಳಿಗಳಿಗಾಗಿ ದುಡಿದದ್ದು ನಮ್ಮ ಮಂಡ್ಯದ ವಿ.ಸಿ. ಫಾರಂನಲ್ಲಿ, ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ್ದು ಆಮೇಲಿನ ಮಾತು.

ಈ ಊಟ ಸುಲಭದ್ದಲ್ಲ. ಕಾಯಿ ಸುಲಿದು, ಕಾಳು ನೆನೆಹಾಕಿ, ಒಂದೊಂದನ್ನೇ ಹಿತಕಬೇಕು. ಅಕ್ಕಿಹಿಟ್ಟು ತೊಳಸಿ, ಉಂಡೆ ಬೇಯಿಸಿ, ಬಿಸಿಯಿದ್ದಾಗಲೇ ಒರಳಿಗೆ ಹಾಕಿ ಒತ್ತಬೇಕು. ಆರಿದರೆ ಎಳೆ ತುಂಡಾಗುತ್ತದೆ. ಹಿಂದೆ ಜಗಲಿಯ ಮೇಲೆ ಮನೆಮಂದಿಯೆಲ್ಲ ಸುತ್ತ ಕುಳಿತು ಅವರೆ ಸುಲಿಯುತ್ತಿದ್ದರು. ಈಗ ಅನೇಕ ಮನೆಗಳಲ್ಲಿ ಇರುವವರೇ ಇಬ್ಬರೋ ಮೂವರೋ. ಆದ್ದರಿಂದ ಊಟ ಕೇಳಿದವನೇ ಹಿತಕಲು ಕೂರಬೇಕು, ಶಾವಿಗೆ ಒತ್ತಲು ತೋಳು ಕೊಡಬೇಕು. ಚಕ್ಕೆ ಎಷ್ಟು, ಗಸಗಸೆ ಎಷ್ಟು, ಸಾರು ಎಷ್ಟು ಕುದಿಯಬೇಕು ಎಂಬುದು ಮಾತ್ರ ಆಕೆಯ ವಿದ್ಯೆ. ಅಲ್ಲಿ ಬಾಯಿ ಹಾಕಬೇಡಿ.

ನೆಂಟರು ಇಪ್ಪತ್ತು ಮಂದಿ, ಕೈ ಎರಡೇ ಎಂದಾದರೆ ಇದನ್ನು ಕೇಳಲೇಬೇಡಿ. ಆಗ ಮೇಲುಕೋಟೆಯ ದಾರಿ ಹಿಡಿಯಿರಿ. ಪುಳಿಯೋಗರೆ ಗೊಜ್ಜನ್ನು ಹಿಂದಿನ ದಿನವೇ ಕುದಿಸಿಟ್ಟರೆ, ಮರುದಿನ ಅನ್ನ ಮಾಡಿ ಕಲಸಿದರಾಯಿತು. ಅದೂ ಬಲ್ಲವರ ಕೈಯಲ್ಲಿ ಸಾಮಾನ್ಯ ಊಟವಲ್ಲ.

ಕೊನೆಯದಾಗಿ, ಅಡಿಗೆ ಮಾಡಿದಾಕೆ ಎಲ್ಲರೂ ಎದ್ದ ಮೇಲೆ ಒಲೆಯ ಪಕ್ಕ ಆರಿದ ಮುದ್ದೆ ಉಣ್ಣುವ ಪದ್ಧತಿ ನಿಲ್ಲಬೇಕು. ಆಕೆಯನ್ನು ಮೊದಲ ಪಂಕ್ತಿಯಲ್ಲೇ ಕೂರಿಸಿ. ಬಡಿಸುವುದು, ಎಲೆ ಎತ್ತುವುದು, ಆಮೇಲಿನ ಕಾಫಿ, ಎಲೆಯಡಿಕೆ ನಮ್ಮ ಪಾಲಿಗಿರಲಿ. ಕಾಫಿ, ಅಡಿಕೆ ಬೆಳೆಯಬಲ್ಲ ಸದಸ್ಯ ಬಾಂಧವರಿಗೆ ಅಷ್ಟೂ ಬಾರದೇ?