ಮುಲಾಮಿನ ಬಟ್ಟಲು ಮತ್ತು ಅಂಗಡಿಯ ಟ್ಯೂಬು

ನಮ್ಮ ದೇವರಗುಡ್ಡಕ್ಕೆ ಬಂದವರು ಅರಿಶಿಣ ಮೆತ್ತಿಕೊಳ್ಳದೆ ಮರಳುವುದುಂಟೆ? ಮಾಲತೇಶನ ಭಂಡಾರವು ಭಕ್ತರ ಹಣೆಗೂ ಗೊರವಯ್ಯನ ಕಂಬಳಿಗೂ ಗುಡಿಯ ಅಂಗಳಕ್ಕೂ ಸಮನಾಗಿ ಹತ್ತುತ್ತದೆ. ಇಂಥ ಊರಿನಲ್ಲಿಯೂ ಇಂದು ಕೂಸಿನ ಮೊಣಕೈ ಮಡಿಕೆಯಲ್ಲಿ ತುರಿಕೆ ಕಾಣಿಸಿದರೆ, ಮನೆಯವರು ಓಡುವುದು ಔಷಧಿ ಅಂಗಡಿಯ ಟ್ಯೂಬಿಗೆ. ಇದನ್ನು ನಾನು ಖಂಡಿಸುತ್ತೇನೆ. ಹಾಗೆಯೇ, "ನಾಟಿ ಮದ್ದಿಗೆ ಅಡ್ಡಪರಿಣಾಮವೇ ಇಲ್ಲ" ಎಂದು ಎದೆ ತಟ್ಟಿಕೊಳ್ಳುವವರನ್ನೂ ಖಂಡಿಸುತ್ತೇನೆ. ಇಬ್ಬರ ದೋಷವೂ ಒಂದೇ. ಮೈಗೆ ಹಚ್ಚುವುದರಲ್ಲಿ ಏನಿದೆ ಎಂದು ಇಬ್ಬರೂ ಕೇಳುವುದಿಲ್ಲ.

ಮೊದಲು ಟ್ಯೂಬಿನ ವಿಚಾರ. ವೈದ್ಯರ ಚೀಟಿಯಿಲ್ಲದೆ ಕೈಗೆ ಬರುವ ಟ್ಯೂಬಿನಲ್ಲಿ ಎಷ್ಟೋ ಸಲ ಕ್ಲೊಬೆಟಾಸೋಲ್‌ನಂಥ ತೀಕ್ಷ್ಣ ಸ್ಟೀರಾಯ್ಡು ಇರುತ್ತದೆ. ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ. ಜನ ಮರುಳಾಗುವುದು ಇದಕ್ಕೇ. ಆದರೆ ಗಜಕರ್ಣದ ಮೇಲೆ ಅದನ್ನು ಹಚ್ಚಿದರೆ ಮೇಲಿನ ಕೆಂಪು ಅಡಗಿ, ಶಿಲೀಂಧ್ರ ಸದ್ದಿಲ್ಲದೆ ಹಬ್ಬುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ನರಗಳು ಎದ್ದು ಕಾಣುತ್ತವೆ. ವೈದ್ಯರು ನೋಡಿ, ಇಷ್ಟು ದಿನವೆಂದು ಲೆಕ್ಕ ಹಾಕಿ ಕೊಟ್ಟರೆ ಅದು ಒಳ್ಳೆಯ ಔಷಧಿಯೇ. ಆ ಲೆಕ್ಕವಿಲ್ಲದೆ ಹಚ್ಚುವುದೇ ಅನರ್ಥ. 2018ರಲ್ಲಿ ಕೇಂದ್ರ ಸರ್ಕಾರವು ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡುಗಳನ್ನು ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ಅದಾದ ಮೇಲೂ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗಳ ಮುಖಕ್ಕೆ ಆರು ತಿಂಗಳು ಇಂಥದನ್ನೇ ಹಚ್ಚಿ ಬಂದಳು. "ಸರ, ಬಿಟ್ರ ಮಾರಿ ಉರಿತೈತಿ, ಹಚ್ಚಿದ್ರ ತೊಗಲು ತೆಳ್ಳಗಾಗತೈತಿ, ಏನ್ ಮಾಡ್ಲಿರೀ?" ಎಂದು ಕಣ್ಣೀರಿಟ್ಟಳು. ಚರ್ಮವೈದ್ಯರಲ್ಲಿಗೆ ಕಳುಹಿಸಿದೆ. ಸರ್ಕಾರದ ಆಜ್ಞೆ ಆ ಅಂಗಡಿಯ ಗಲ್ಲಾಪೆಟ್ಟಿಗೆಯವರೆಗೆ ತಲುಪಿರಲಿಲ್ಲ.

ಇನ್ನು ಮನೆಯ ಮುಲಾಮು. ನೂರು ಗ್ರಾಂ ಶುದ್ಧ ಕೊಬ್ಬರಿ ಎಣ್ಣೆ, ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿದ ಒಂದು ಹಿಡಿ ಬೇವಿನೆಲೆ, ಕಾಲು ಚಮಚ ಅರಿಶಿಣ, 20 ಗ್ರಾಂ ಜೇನುಮೇಣ. ಕಾಯುವ ನೀರಿನ ಪಾತ್ರೆಯಲ್ಲಿ ಎಣ್ಣೆಯ ಬಟ್ಟಲನ್ನಿಟ್ಟು, ಎಲೆ ಮತ್ತು ಅರಿಶಿಣ ಹಾಕಿ, ಸಣ್ಣ ಉರಿಯಲ್ಲಿ ಒಂದು ತಾಸು ಬಿಡಬೇಕು. ಬಿಳಿಯ ಬಟ್ಟೆಯಲ್ಲಿ ಸೋಸಿ, ಮೇಣ ಕರಗಿಸಿ, ತೇವವಿಲ್ಲದ ಗಾಜಿನ ಶೀಶೆಗೆ ಸುರಿಯಬೇಕು. ಹಸಿ ಎಲೆಯನ್ನಾಗಲಿ ಲೋಳೆಸರದ ತಿರುಳನ್ನಾಗಲಿ ಸೇರಿಸಬಾರದು. ನೀರಿನಂಶವಿದ್ದರೆ ಮುಲಾಮು ಬೂಸು ಹಿಡಿಯುತ್ತದೆ. ಕರ್ಪೂರವೂ ಬೇಡ, ಸೂಕ್ಷ್ಮ ಚರ್ಮ ಅದಕ್ಕೆ ಉರಿಯುತ್ತದೆ.

ಇದರ ಗುಣದ ಬಹುಪಾಲು ಎಣ್ಣೆ ಮತ್ತು ಮೇಣಗಳದ್ದು. ಅವು ಚರ್ಮದ ತೇವ ಆರದಂತೆ ಕಾಯುತ್ತವೆ. ಚಳಿಗಾಲದಲ್ಲಿ ಒಣಗಿ ತುರಿಸುವ ಮೈಗೆ ಬೇಕಾದದ್ದು ಅದೇ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಅಂಗೈ ಉರಿಗೆ ಕ್ರಮ ಬೇರೆ. ಖಾರದ ಅಂಶ ನೀರಿಗೆ ಕರಗದು, ಎಣ್ಣೆಗೆ ಕರಗುತ್ತದೆ. ಆದ್ದರಿಂದ ಮೊದಲು ಅಡುಗೆ ಎಣ್ಣೆ ಸವರಿ ಒರೆಸಿ, ಸೋಪಿನಿಂದ ತೊಳೆದು, ಆಮೇಲೆ ಮುಲಾಮು ಹಚ್ಚಬೇಕು.

ಈಗ ಎರಡನೆಯ ಪಕ್ಷದವರು ಕಿವಿಗೊಡಲಿ. ಮುಲಾಮಿಗೆ ಭಂಡಾರ ಬಳಸಬೇಡಿ. ಅದು ಪೂಜೆಯ ವಸ್ತು, ಔಷಧಿಗೆಂದು ಪುಡಿ ಮಾಡಿದ್ದಲ್ಲ. ಅರಿಶಿಣಪುಡಿಗೆ ಬಣ್ಣ ಬರಲೆಂದು ಸೀಸದ ಕ್ರೋಮೇಟ್ ಬೆರೆಸುವ ಕಳ್ಳ ವ್ಯಾಪಾರ ನಮ್ಮ ದೇಶದಲ್ಲಿ ಪತ್ತೆಯಾಗಿದೆ. ಕೊಂಬು ತಂದು ಮನೆಯಲ್ಲೇ ಕುಟ್ಟಿರಿ. ಶುದ್ಧ ಅರಿಶಿಣವೂ ಬೇವೂ ಕೆಲವರ ಮೈಗೆ ಒಗ್ಗುವುದಿಲ್ಲ. ಮೊಣಕೈ ಒಳಭಾಗದಲ್ಲಿ ಒಂದಿಷ್ಟು ಹಚ್ಚಿ ಎರಡು ದಿನ ಕಾಯಿರಿ. ರಾತ್ರಿ ಹೆಚ್ಚುವ, ಮನೆಮಂದಿಗೆಲ್ಲ ಹಬ್ಬುವ ತುರಿಕೆ ಕಜ್ಜಿಯಾಗಿರಬಹುದು. ಅದನ್ನು ತರುವುದು ಚರ್ಮದೊಳಗೆ ಬಿಲ ಕೊರೆಯುವ ಕ್ರಿಮಿ. ಮನೆಯವರೆಲ್ಲ ಒಟ್ಟಿಗೆ ಚಿಕಿತ್ಸೆ ಪಡೆಯದೆ ಅದು ಹೋಗದು. ಕೀವು, ಜ್ವರ ಕಂಡರೂ ವೈದ್ಯರೇ ಗತಿ. ತನ್ನ ಮಿತಿ ಅರಿಯದ ಮನೆಮದ್ದು ಮದ್ದೇ ಅಲ್ಲ.

"ಅಜ್ಜಿಯ ಜ್ಞಾನಕ್ಕೆ ಲೆಕ್ಕ, ಅಳತೆ ಯಾಕ್ರೀ ಸರ?" ಎನ್ನುವವರಿಗೆ ಒಂದು ಇತಿಹಾಸ ನೆನಪಿಸುತ್ತೇನೆ. ಅರಿಶಿಣದಿಂದ ಗಾಯ ಮಾಯಿಸುವ ವಿಧಾನಕ್ಕೆ 1995ರಲ್ಲಿ ಅಮೆರಿಕವು ಮಿಸ್ಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ನೀಡಿತು. ನಮ್ಮ ಸಿ.ಎಸ್.ಐ.ಆರ್. ಅದನ್ನು ಪ್ರಶ್ನಿಸಿತು, 1997ರಲ್ಲಿ ಪೇಟೆಂಟ್ ರದ್ದಾಯಿತು. "ನಮ್ಮ ಹಿರಿಯರಿಗೆ ಇದೆಲ್ಲ ಗೊತ್ತಿತ್ತು" ಎಂಬ ಬಾಯಿಮಾತು ಅಲ್ಲಿ ನಡೆಯುತ್ತಿರಲಿಲ್ಲ. ಹಳೆಯ ಗ್ರಂಥಗಳಲ್ಲಿ, ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದಿಟ್ಟದ್ದೇ ಗೆದ್ದಿತು.

ನನ್ನ ವಿದ್ಯಾರ್ಥಿಗಳೇ, ಬಂಧುಗಳೇ, ನಿಮ್ಮ ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಅವರ ಮುಲಾಮಿನ ಅಳತೆ ಬರೆದಿಟ್ಟುಕೊಳ್ಳಿರಿ. ಯಾರಿಗೆ ಒಗ್ಗಿತು, ಯಾರಿಗೆ ಒಗ್ಗಲಿಲ್ಲ ಎಂಬುದನ್ನೂ ಬರೆಯಿರಿ. ಅಂಗಡಿಯವನು ಟ್ಯೂಬು ಚಾಚಿದರೆ ಅದರ ಮೇಲಿನ ಸಣ್ಣ ಅಕ್ಷರ ಓದಿ, "ಚೀಟಿ ಬೇಡವೇನ್ರೀ?" ಎಂದು ಕೇಳಿರಿ. ಓದು ಕಲಿಸಿದ ಮಾಸ್ತರನಿಗೆ ಇದಕ್ಕಿಂತ ಬೇರೆ ಗುರುದಕ್ಷಿಣೆ ಬೇಡ.