ಗೋವಾಕ್ಕೆ ನಲವತ್ತು, ನಮಗೆ ಆರು

ಗೋವಾ ಅಂದ್ರೆ ನಮ್ಮ ಹಾಸ್ಟೆಲಲ್ಲಿ ಟ್ರಿಪ್ ಪ್ಲಾನ್, ಅಷ್ಟೇ. ಯಾವ ಬೀಚ್, ಬೈಕ್ ಬಾಡಿಗೆ ಎಷ್ಟು, ಮುಗೀತು. ನಾನು ಅಂಬಿಕಾನಗರದವಳು. ನಮ್ಮ ಪಕ್ಕದ ಜೋಯಿಡಾ ತಾಲ್ಲೂಕು ಅನಮೋಡ ಘಟ್ಟದಲ್ಲಿ ಮುಗಿದ ಕೂಡಲೇ ಗೋವಾ ಶುರು. ಹಾಗಾಗಿ ಆ ಹೆಸರು ಕೇಳಿದ್ರೆ ನನಗೆ ಬೀಚಿಗಿಂತ ಮೊದಲು ಒಂದು ಲೆಕ್ಕ ನೆನಪಾಗುತ್ತೆ.

2011ರ ಜನಗಣತಿ ಪ್ರಕಾರ ಗೋವಾದಲ್ಲಿ ಸುಮಾರು 14.6 ಲಕ್ಷ ಜನ. ಉತ್ತರ ಕನ್ನಡ ಜಿಲ್ಲೆಯಲ್ಲಿ ಸುಮಾರು 14.4 ಲಕ್ಷ. ಹೆಚ್ಚುಕಮ್ಮಿ ಒಂದೇ. ಜಾಗ ನೋಡಿದ್ರೆ ಗೋವಾ 3,702 ಚದರ ಕಿ.ಮೀ., ನಮ್ಮ ಜಿಲ್ಲೆ ಹತ್ತು ಸಾವಿರಕ್ಕೂ ಜಾಸ್ತಿ. ಈಗ ಶಾಸಕರನ್ನ ಎಣಿಸಿ. ಅವರಿಗೆ 40. ನಮಗೆ 6: ಹಳಿಯಾಳ, ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರ. ಲೋಕಸಭೆಗೆ ಅವರು ಇಬ್ಬರನ್ನ ಕಳಿಸ್ತಾರೆ. ನಮಗೆ ಒಂದು ಪೂರ್ತಿ ಸೀಟೂ ಇಲ್ಲ, ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರು ಸೇರಿಸಿಕೊಂಡು ಒಬ್ಬರು.

ಹಳಿಯಾಳ, ದಾಂಡೇಲಿ, ಜೋಯಿಡಾ ಮೂರೂ ತಾಲ್ಲೂಕಿಗೆ ಒಬ್ಬರೇ ಶಾಸಕರು. ಜೋಯಿಡಾ ಒಂದೇ ಗೋವಾದ ಅರ್ಧದಷ್ಟಿದೆ, ಆದ್ರೆ ಕಾಡೇ ಜಾಸ್ತಿ, ಜನ ಐವತ್ತು ಸಾವಿರದ ಆಸುಪಾಸು. ಗೋವಾದಲ್ಲಿ ಸರಾಸರಿ 36 ಸಾವಿರ ಜನಕ್ಕೆ ಒಬ್ಬ ಶಾಸಕ. ಅಂದ್ರೆ ಘಟ್ಟದ ಆಚೆ ಇದ್ದಿದ್ರೆ ಜೋಯಿಡಾಕ್ಕೆ ತನ್ನದೇ ಎಂಎಲ್‌ಎ ಇರ್ತಿದ್ರು. ಈಚೆ ಇರೋದ್ರಿಂದ, ಅಲ್ಲಿನ ಮತ ಎಲ್ಲಾ ಒಂದೇ ಕಡೆ ಬಿದ್ರೂ ಹಳಿಯಾಳ-ದಾಂಡೇಲಿಯನ್ನ ಮೀರೋದು ಕಷ್ಟ.

‘ಹಾಗಾದ್ರೆ ನೀವೂ ಬೇರೆ ರಾಜ್ಯ ಕೇಳಿ’ ಅಂತ ನನ್ನ ರೂಮ್‌ಮೇಟ್ ಗೇಲಿ ಮಾಡ್ತಾಳೆ. ಬೇಡ ಮಾರಾಯ್ತಿ. ಆ ನಲವತ್ತು ಸೀಟಿನ ಕಥೆಯನ್ನೂ ಸ್ವಲ್ಪ ಕೇಳು.

ಗೋವಾದಲ್ಲಿ ಬಹುಮತಕ್ಕೆ 21 ಸಾಕು. ಸಂವಿಧಾನದ 91ನೇ ತಿದ್ದುಪಡಿ (2003) ಪ್ರಕಾರ ಸಚಿವರ ಸಂಖ್ಯೆ ಸದನದ ಶೇ. 15 ಮೀರಬಾರದು. ನಲವತ್ತರಲ್ಲಿ ಶೇ. 15 ಅಂದ್ರೆ ಆರು. ಆದ್ರೆ ಸಣ್ಣ ರಾಜ್ಯಗಳಿಗೆ ಅಂತ ಹನ್ನೆರಡರ ತನಕ ಅವಕಾಶ ಇದೆ. ಹಾಗಾಗಿ 21 ಜನರ ಸರ್ಕಾರದಲ್ಲಿ ಮುಖ್ಯಮಂತ್ರಿ ಸೇರಿ 12 ಜನ ಮಂತ್ರಿಗಳಾಗಬಹುದು! ಉಳಿದ ಒಂಬತ್ತು ಜನ ಏನು ಸುಮ್ಮನೆ ಕೂರ್ತಾರಾ? ಪಕ್ಷಾಂತರ ಕಾನೂನಲ್ಲೂ ಮೂರನೇ ಎರಡು ಭಾಗ ಶಾಸಕರು ಒಪ್ಪಿ ಬೇರೆ ಪಕ್ಷದಲ್ಲಿ ‘ವಿಲೀನ’ ಆದ್ರೆ ಸದಸ್ಯತ್ವ ಉಳಿಯುತ್ತೆ. ದೊಡ್ಡ ಸದನದಲ್ಲಿ ಅಷ್ಟು ಜನರನ್ನ ಒಟ್ಟು ಮಾಡೋದು ಕಷ್ಟ. ಗೋವಾದಲ್ಲಿ ಒಂದು ಮಿನಿ ಬಸ್ ಸಾಕು. 2019ರಲ್ಲಿ ಕಾಂಗ್ರೆಸ್‌ನ 15ರಲ್ಲಿ 10 ಜನ ಬಿಜೆಪಿ ಸೇರಿದ್ರು, ಸರಿಯಾಗಿ ಮೂರನೇ ಎರಡು. 2022ರ ಚುನಾವಣೆಗೆ ಮುಂಚೆ ಕಾಂಗ್ರೆಸ್ ತನ್ನ ಅಭ್ಯರ್ಥಿಗಳನ್ನ ದೇವಸ್ಥಾನ, ಶಿಲುಬೆ, ದರ್ಗಾ ಮೂರೂ ಕಡೆ ಕರ್ಕೊಂಡು ಹೋಗಿ ಪಕ್ಷ ಬಿಡಲ್ಲ ಅಂತ ಆಣೆ ಹಾಕಿಸಿತ್ತು. ಅದೇ ಸೆಪ್ಟೆಂಬರಲ್ಲಿ 11ರಲ್ಲಿ 8 ಜನ ಹೊರಟ್ರು. ಹನ್ನೊಂದರ ಮೂರನೇ ಎರಡು ಭಾಗ 7.33, ರೌಂಡ್ ಅಪ್ ಮಾಡಿದ್ರೆ 8. ದೇವರ ಆಣೆ ತಪ್ಪಿದ್ರೂ ಲೆಕ್ಕ ತಪ್ಪಿಲ್ಲ.

ಆದ್ರೂ ಸಣ್ಣ ರಾಜ್ಯಕ್ಕೆ ಒಂದು ಶಕ್ತಿ ಇದೆ, ತನ್ನವರ ವಿಷಯ ತಾನೇ ತೀರ್ಮಾನ ಮಾಡಬಹುದು. ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಲ್ಲಿ 2018ರಿಂದ ಹೊರರಾಜ್ಯದ ರೋಗಿಗಳಿಗೆ ಶುಲ್ಕ ಹಾಕೋಕೆ ಶುರು ಮಾಡಿದ್ರು. ಕಾರವಾರ ಕಡೆಯವರಿಗೆ ಸಿಟ್ಟು ಬಂತು, ನಿಜ. ಆದ್ರೆ ನಮ್ಮ ರೋಗಿ ಅವರ ಮತದಾರ ಅಲ್ಲವಲ್ಲ. ನಾವು ಮತ ಹಾಕೋದು ಬೆಂಗಳೂರಿನ ಸದನಕ್ಕೆ, ಅಲ್ಲಿ ನಾವು 224ರಲ್ಲಿ 6. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನ ಕರ್ಕೊಂಡು ಹೋಗ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಹತ್ತಿರ ಪಲ್ಟಿಯಾಗಿ ನಾಲ್ವರು ಸತ್ತರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಕೊಡಿ ಅಂತ ಜಾಲತಾಣದಲ್ಲಿ ದೊಡ್ಡ ಕೂಗೆದ್ದಿತು. ನಮ್ಮೂರಿನ ನಾಗಝರಿ ವಿದ್ಯುದಾಗಾರ ಒಂದರದ್ದೇ ಸಾಮರ್ಥ್ಯ 885 ಮೆಗಾವ್ಯಾಟ್, ಕೈಗಾದ್ದು 880. ಕರೆಂಟ್ ಘಟ್ಟ ಹತ್ತಿ ಸಲೀಸಾಗಿ ಹೋಗುತ್ತೆ. ಕೂಗು ಅಷ್ಟು ಬೇಗ ಹೋಗಲ್ಲ.

ಹಾಗಾದ್ರೆ ಬೇರೆ ರಾಜ್ಯವೂ ಬೇಡ, ಈಗಿರೋದೂ ಸಾಲದು ಅಂದ್ರೆ ಏನು ಮಾಡೋದು? ನನಗೆ ಕಾಣೋ ದಾರಿ ಹೊಸದಲ್ಲ. ಗೋವಾ ರಾಜ್ಯ ಆಗಿದ್ದು 1987ರ ಮೇ 30ಕ್ಕೆ. ಅದೇ ವರ್ಷದ ಆರಂಭದಲ್ಲಿ ಕರ್ನಾಟಕದಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ಆಗಿತ್ತು. ಅದರ ಹಿಂದೆ ಇದ್ದವರು ಅಬ್ದುಲ್ ನಜೀರ್ ಸಾಬ್. ಆಗ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅಂದ್ರೆ ರಾಜ್ಯ ಒಡೆಯದೆ, ಪ್ರತಿ ಜಿಲ್ಲೆಗೂ ಅದರದ್ದೇ ಒಂದು ಸಣ್ಣ ಸರ್ಕಾರ. ಜೋಯಿಡಾದಂಥ ತಾಲ್ಲೂಕಿಗೆ ಅದರದ್ದೇ ಸದಸ್ಯರು, ಅದರದ್ದೇ ದನಿ.

ಈಗ ಅದೂ ಖಾಲಿ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ಆಗಿದ್ದು 2016ರಲ್ಲಿ, ಅವಧಿ ಮುಗಿದಿದ್ದು 2021ರಲ್ಲಿ. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಮುಂದೂಡಿದ್ದೇ ಬಂತು. ನಡುವೆ ಬಿಜೆಪಿ ಸರ್ಕಾರ ಹೋಗಿ ಕಾಂಗ್ರೆಸ್ ಸರ್ಕಾರ ಬಂದರೂ ಇದರಲ್ಲಿ ಇಬ್ಬರದ್ದೂ ಒಂದೇ ಪಕ್ಷ. ಸದಸ್ಯರು ಕೂರಬೇಕಾದ ಜಾಗದಲ್ಲಿ ಆಡಳಿತಾಧಿಕಾರಿ ಕೂತರು. ಗೋವಾದ ಶಾಸಕ ಪಕ್ಷ ಬಿಟ್ಟು ಓಡಿ ಹೋದ್ರೂ ಅವನ ಮನೆ ಎಲ್ಲಿ ಅಂತಾದ್ರೂ ಜನಕ್ಕೆ ಗೊತ್ತಿರುತ್ತೆ.

ಇದನ್ನ ಓದ್ತಿರೋ ವಿದ್ಯಾರ್ಥಿಗಳಲ್ಲಿ ಜಿಲ್ಲಾ ಪಂಚಾಯಿತಿಗೆ ಒಂದು ಸಲನಾದ್ರೂ ವೋಟ್ ಹಾಕಿದವರು ಯಾರೂ ಇರಲಿಕ್ಕಿಲ್ಲ. ಬೇಕಾದ್ರೆ ಹೋಗಿ ಪ್ರೊಫೆಸರ್‌ಗಳನ್ನ ಕೇಳಿ, ಅದು ಹೇಗಿರ್ತಿತ್ತು ಅಂತ.