ನೆಹರೂ ಕ್ರೀಡಾಂಗಣದ ಸ್ಪೇನಿಗರು

ಆಂದ್ರೆಸ್ ಇನಿಯೆಸ್ತಾ 2024ರ ಅಕ್ಟೋಬರ್‌ನಲ್ಲಿ ಕಾಲ್ಚೆಂಡಾಟದಿಂದ ನಿವೃತ್ತರಾದರು. ಸ್ಪೇನಿನ ಫ್ವೆಂತೆಆಲ್ಬಿಯಾ ಎಂಬ ಸಣ್ಣ ಊರಿನವರು. ಹನ್ನೆರಡನೆಯ ವಯಸ್ಸಿಗೇ ಮನೆ ಬಿಟ್ಟು ಬಾರ್ಸಿಲೋನಾ ಸಂಘದ ವಿದ್ಯಾರ್ಥಿನಿಲಯ ಸೇರಿದರು. ಮನೆಮಾತು ಸ್ಪ್ಯಾನಿಷ್, ಸೇರಿದ ಊರಿನ ನುಡಿ ಕತಲಾನ್. ಅಲ್ಲಿ ಮೊದಮೊದಲು ಅತ್ತದ್ದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಮಕ್ಕಳನ್ನು ಹಾಸ್ಟೆಲಿಗೆ ಬಿಟ್ಟು ಬಂದ ತಾಯಿತಂದೆಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

2010ರ ವಿಶ್ವಕಪ್ ಅಂತಿಮ ಪಂದ್ಯದ 116ನೆಯ ನಿಮಿಷದಲ್ಲಿ ಗೋಲು ಹೊಡೆದು ಸ್ಪೇನನ್ನು ಗೆಲ್ಲಿಸಿದ ಅವರು ಅಂಗಿ ಕಳಚಿದಾಗ, ಒಳಗಿನ ಬನಿಯನ್ನಿನ ಮೇಲೆ ಹಿಂದಿನ ವರ್ಷ ತೀರಿಕೊಂಡ ದಾನಿ ಹಾರ್ಕೆ ಅವರ ಹೆಸರಿತ್ತು. ಹಾರ್ಕೆ ಬಾರ್ಸಿಲೋನಾದ ಬದ್ಧ ಎದುರಾಳಿ ಎಸ್ಪಾನ್ಯೋಲ್ ಸಂಘದ ನಾಯಕ. ಅಂದಿನಿಂದ ಆ ಎದುರಾಳಿಗಳ ಅಂಗಳದಲ್ಲಿಯೂ ಇನಿಯೆಸ್ತಾಗೆ ಚಪ್ಪಾಳೆ ದೊರೆಯಿತು.

ವೆಳ್ಳಕೋಯಿಲಿನ ಮನೆಗಳಿಗೆ ಇನಿಯೆಸ್ತಾ ಟಿ.ವಿ.ಯಲ್ಲಿ ಕಂಡ ಆಟಗಾರ. ಆದರೆ ಸ್ಪೇನಿನ ಆಟ ಒಮ್ಮೆ ಕೊಯಮತ್ತೂರಿನವರೆಗೂ ಬಂದಿತ್ತು. ಅಲ್ಲಿನ ನೆಹರೂ ಕ್ರೀಡಾಂಗಣವನ್ನು ತವರು ಮಾಡಿಕೊಂಡಿದ್ದ ಸಂಘದ ಹೆಸರು ಚೆನ್ನೈ ಸಿಟಿ! ಇರುವುದೊಂದೂರು, ಹೆಸರು ಇನ್ನೊಂದೂರಿನದು. ಕೊಯಮತ್ತೂರಿನ ಜನ ಇದನ್ನು ದೊಡ್ಡದು ಮಾಡದೆ ಆಟ ನೋಡಲು ಹೋದರು. ಸ್ಯಾಂಡ್ರೊ ರೊಡ್ರಿಗೆಸ್, ನೆಸ್ಟರ್ ಗೊರ್ಡಿಯೊ, ರೊಬೆರ್ತೊ ಎಸ್ಲಾವಾ, ಇವರ ಜೊತೆಗೆ ಉರುಗ್ವೆಯಲ್ಲಿ ಹುಟ್ಟಿ ಸ್ಪೇನಿನಲ್ಲಿ ಆಡಿಕೊಂಡಿದ್ದ ಪೆದ್ರೊ ಮಾಂಜಿ. ಸಿಂಗಪುರದ ಅಕ್ಬರ್ ನವಾಸ್ ತರಬೇತುದಾರರು. ಸ್ಪೇನಿನಲ್ಲಿ ಇವರ ಹೆಸರು ಹೇಳಿದರೆ ತಿರುಗಿ ನೋಡುವವರು ವಿರಳ. ಇಲ್ಲಿ ಮಾಂಜಿ 2018–19ರ ಐ-ಲೀಗ್‌ನಲ್ಲಿ 21 ಗೋಲು ಹೊಡೆದರು.

2019ರ ಮಾರ್ಚ್ 9, ಕೊನೆಯ ಪಂದ್ಯ. ಎದುರಿಗೆ ಹಿಂದಿನ ವರ್ಷದ ವಿಜೇತ ಮಿನರ್ವಾ ಪಂಜಾಬ್. ಮೂರನೆಯ ನಿಮಿಷದಲ್ಲೇ ಚೆನ್ನೈ ಸಿಟಿ ಗೋಲು ಬಿಟ್ಟುಕೊಟ್ಟಿತು. ಅದೇ ಹೊತ್ತಿಗೆ ಕೋಳಿಕ್ಕೋಡಿನಲ್ಲಿ ಆಡುತ್ತಿದ್ದ ಈಸ್ಟ್ ಬೆಂಗಾಲ್ ಈ ಸೋಲಿಗಾಗಿಯೇ ಕಾದಿತ್ತು. ದ್ವಿತೀಯಾರ್ಧದಲ್ಲಿ ಮಾಂಜಿ ಪೆನಾಲ್ಟಿಯಿಂದ ಸಮ ಮಾಡಿದರು. ಆಮೇಲಿನ ಎರಡು ಗೋಲುಗಳು ಸ್ಪೇನಿಗರವಲ್ಲ. ಗೌರವ್ ಬೋರಾ ಎಂಬ ಭಾರತೀಯ ರಕ್ಷಣಾ ಆಟಗಾರನವು. 43 ಅಂಕಗಳೊಡನೆ, ಒಂದೇ ಅಂಕದ ಅಂತರದಲ್ಲಿ, ಪ್ರಶಸ್ತಿ ಕೊಯಮತ್ತೂರಿನಲ್ಲಿ ಉಳಿಯಿತು.

ಎಂಟು ದಿನಗಳ ಬಳಿಕ, ಮಾರ್ಚ್ 17ರಂದು, ಕನ್ನಡಿಗರಿಗೆ ಇನ್ನೊಂದು ಸಂತಸ. ಮುಂಬಯಿಯಲ್ಲಿ ನಡೆದ ಐ.ಎಸ್.ಎಲ್. ಅಂತಿಮ ಪಂದ್ಯದಲ್ಲಿ ಬೆಂಗಳೂರು ಎಫ್.ಸಿ. ಗೋವಾವನ್ನು ಮಣಿಸಿತು. 117ನೆಯ ನಿಮಿಷದಲ್ಲಿ ಸ್ಪೇನಿನ ದಿಮಾಸ್ ದೆಲ್ಗಾದೊ ಮೂಲೆಯಿಂದ ಒದ್ದ ಚೆಂಡಿಗೆ ರಾಹುಲ್ ಭೇಕೆ ತಲೆ ಕೊಟ್ಟರು. ಹಿಂದಿನ ವರ್ಷ ಅದೇ ದಿನ ಕಂಠೀರವದಲ್ಲಿ ಚೆನ್ನೈಯಿನ್ ತಂಡಕ್ಕೆ ಸೋತದ್ದರ ಉರಿ ಅಂದು ಆರಿತು.

ಬೆಂಗಳೂರಿನ ಸಂಘ ಇಂದಿಗೂ ಆಡುತ್ತಿದೆ. ಗೆದ್ದ ವರ್ಷವೇ ಸ್ವಿಟ್ಜರ್ಲೆಂಡಿನ ಬಾಸೆಲ್ ಸಂಘ ಶೇ. 26ರ ಪಾಲು ಕೊಂಡಿದ್ದರೂ, ಚೆನ್ನೈ ಸಿಟಿ 2020–21ರ ಬಳಿಕ ಐ-ಲೀಗ್‌ನಲ್ಲಿ ಕಾಣಿಸಲಿಲ್ಲ. ಗೊರ್ಡಿಯೊ ಹೈದರಾಬಾದಿಗೂ ಮಾಂಜಿ ಜಪಾನಿಗೂ ಅದಕ್ಕೆ ಮೊದಲೇ ಹೊರಟುಹೋಗಿದ್ದರು. ಮಾಂಜಿಯ ಹೆಸರು ಕೂಗಿದ ಮಕ್ಕಳು ಈಗ ಕಾಲೇಜಿನ ವಯಸ್ಸಿನವರು. ಅವರ ತಮ್ಮಂದಿರು ಅಂಥ ಆಟ ನೋಡಬೇಕೆಂದರೆ ಮತ್ತೆ ಟಿ.ವಿ.ಯ ಮುಂದೆಯೇ ಕೂರಬೇಕು.